ಬಲಗಿವಿಯ ತಂತಿ ರಿಂಗು

ಅದು ೧೯೮೦ನೇ ಇಸವಿ, ಬಿಸಿಲು ಏರತೊಡಗಿದ್ದ ದಿನಗಳು. ಕಾಪುವಿನಲ್ಲಿ, ಕಡಲಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ನಮ್ಮ ಮನೆ ಇತ್ತು. ನಿಮ್ಮ ಅಮ್ಮನಿಗೆ ಆಗ ಮೂರು ವರ್ಷ, ನನಗೆ ಇಪ್ಪತ್ತಾರು. ನಿಮ್ಮ ಅಜ್ಜ ತೀರಿಕೊಂಡು ಒಂದೂವರೆ ವರ್ಷವಾಗಿತ್ತು.

ಅಜ್ಜಿ ಒಂದೇ ಕಿವಿಗೆ ಯಾಕೆ ರಿಂಗು ಹಾಕುತ್ತಾರೆ, ಅದೂ ತಂತಿಯದ್ದು ಎಂದು ಮೊಮ್ಮಕ್ಕಳಾದ ನೀವು ಮೂವರೂ ಒಬ್ಬರಾದ ಮೇಲೊಬ್ಬರು ಕೇಳಿದ್ದೀರಿ. ಪ್ರತಿ ಸಲವೂ ನಾನು ನಕ್ಕು ಸುಮ್ಮನಾದೆ. ಎದುರು ಕೂತು ಇಂಥದ್ದನ್ನೆಲ್ಲ ಹೇಳಲು ನನಗೆ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತದ್ದರಿಂದ ಬರೆಯಲು ಮಾತ್ರ ಬರುತ್ತದೆ. ಆ ದಿನದ ಮಾತುಗಳೆಲ್ಲ ತುಳುವಿನಲ್ಲಿ ನಡೆದವು. ನಿಮಗೆ ಓದಲು ಸುಲಭವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ.

ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ನಿಮ್ಮ ಅಜ್ಜನ ಕೆಲಸ. ನಮ್ಮ ಜಗಲಿಯ ಒಂದು ಮೂಲೆಯೇ ಅವರ ಅಂಗಡಿ. ಅವರು ಸುತ್ತುವಾಗ ಸುರುಳಿಯಿಂದ ತಂತಿ ಬಿಡುತ್ತಾ ಸುತ್ತುಗಳನ್ನು ಎಣಿಸುವುದು ನನ್ನ ಕೆಲಸವಾಗಿತ್ತು. ಆ ತಂತಿಯ ಮೇಲೆ ಕಂದು ಬಣ್ಣದ ತೆಳುವಾದ ಲೇಪ ಇರುತ್ತದೆ. ಅದು ಎಲ್ಲಿಯೂ ಕಿತ್ತುಹೋಗಬಾರದೆಂದು ಅವರು ಯಾವಾಗಲೂ ಹೇಳುತ್ತಿದ್ದರು. ಲೇಪ ಹೋದರೆ ತಾಮ್ರ ಕಿಲುಬು ಹಿಡಿಯುತ್ತದೆ, ನಮ್ಮದು ಕಡಲ ಗಾಳಿ ಬೇರೆ, ಎನ್ನುತ್ತಿದ್ದರು. ಈ ಮಾತನ್ನು ನಾನು ನೂರು ಸಲವಾದರೂ ಕೇಳಿರಬಹುದು.

ಅವರಿಗೆ ಕಿಡ್ನಿಯ ಕಾಯಿಲೆ ಬಂತು. ಮಣಿಪಾಲಕ್ಕೆ ಹೋಗುವುದು, ಬರುವುದು ಶುರುವಾಯಿತು. ಮದ್ದಿನ ಖರ್ಚಿಗೆ ಮೊದಲು ನನ್ನ ಕಿವಿಯ, ಕೊರಳಿನ ಚಿನ್ನ ಹೋಯಿತು. ಆಮೇಲೆ ಒಂದು ದಿನ ಅವರ ತಂಗಿ ಗಿರಿಜೆ, ಯಾರೂ ಕೇಳುವ ಮೊದಲೇ, ತನ್ನ ಓಲೆಗಳನ್ನು ಬಿಚ್ಚಿ ಅಣ್ಣನ ಕಿಸೆಗೆ ಹಾಕಿದಳು. ಗುಣವಾಗಿ ಬಂದ ಮೇಲೆ ಇದಕ್ಕಿಂತ ದೊಡ್ಡದು ಮಾಡಿಸಿಕೊಡಬೇಕು ಎಂದು ತಮಾಷೆ ಮಾಡಿದಳು. ಅವರು ಗುಣವಾಗಿ ಬರಲಿಲ್ಲ.

ನಮ್ಮ ಕಡೆ ಕಿವಿಗೆ ಹಾಕಲು ಏನೂ ಇಲ್ಲದ ಹೆಂಗಸರು ಹಿಡಿಸೂಡಿಯ, ಅಂದರೆ ಪೊರಕೆಯ, ಕಡ್ಡಿ ಮುರಿದು ತೂತಿನಲ್ಲಿ ಇಟ್ಟುಕೊಳ್ಳುತ್ತಿದ್ದರು, ಮುಚ್ಚಿಹೋಗಬಾರದೆಂದು. ಗಿರಿಜೆಯೂ ಹಾಗೆಯೇ ಮಾಡಿದಳು. ಬೆಳಿಗ್ಗೆ ಅಂಗಳ ಗುಡಿಸುವ ಮೊದಲು ಹೊಸ ಕಡ್ಡಿ ಮುರಿದು ಬದಲಾಯಿಸುವಳು. ನಾನು ಇಟ್ಟುಕೊಳ್ಳಲಿಲ್ಲ. ಉತ್ತರಕ್ರಿಯೆಯ ದಿನ ನನ್ನ ಬಳೆ, ಮೂಗುತಿ, ಕರಿಮಣಿ ತೆಗೆದರು. ಕಿವಿ ಮೊದಲೇ ಖಾಲಿಯಾಗಿತ್ತು. ಅಲ್ಲಿ ಏನಾದರೂ ಇರಬೇಕೆಂದು ಆಮೇಲೆ ಯಾರಿಗೂ ತೋಚಲಿಲ್ಲ. ನನಗೂ ತೋಚಲಿಲ್ಲ.

ಗಿರಿಜೆಗೆ ಬಂದ ಎರಡು ಸಂಬಂಧಗಳು ತಪ್ಪಿಹೋದವು. ಹುಡುಗಿಯ ಮೈಮೇಲೆ ಗುಂಜಿ ಚಿನ್ನವೂ ಇಲ್ಲ ಎಂದು ಒಂದು ಕಡೆಯವರು ದಾರಿಯಲ್ಲೇ ಆಡಿಕೊಂಡರಂತೆ. ಮೂರನೆಯದು ಕಾರ್ಕಳದ್ದು. ಹುಡುಗ ಬಸ್ಸಿನಲ್ಲಿ ಕಂಡಕ್ಟರ್, ಹೆಸರು ಶೇಖರ. ಇದು ಕೂಡಿಬರಬೇಕೆಂದು ನನಗೆ ಎಲ್ಲರಿಗಿಂತ ಹೆಚ್ಚು ಆಸೆ. ಅವಳ ಕಿವಿ ಬರಿದಾದದ್ದು ನನ್ನ ಗಂಡನಿಗಾಗಿ ಅಲ್ಲವೇ?

ಅವರು ನೋಡಲು ಬರುವ ದಿನದಿಂದ ಮದುವೆಯವರೆಗೆ ಯಾರಿಂದಲಾದರೂ ಓಲೆ ಎರವಲು ತರೋಣ ಎಂದು ಮಾವ ಹೇಳಿದರು. ಅತ್ತೆ ಒಪ್ಪಲಿಲ್ಲ.

"ಮದುವೆಯ ಮರುದಿನ ಹಿಂದೆ ಕೊಡುವಾಗ ಮುಖ ಎಲ್ಲಿ ಇಡುವುದು?" ಎಂದರು.

ಆಗ ನನಗೆ ನಿಮ್ಮ ಅಜ್ಜನ ಡಬ್ಬಿಯಲ್ಲಿದ್ದ ತಂತಿ ನೆನಪಾಯಿತು. ದೊಡ್ಡ ಮೋಟಾರಿಗೆಂದು ತಂದು ಉಳಿದದ್ದು, ಸ್ವಲ್ಪ ದಪ್ಪ. ಅತ್ತೆಯನ್ನು ಕೇಳಲು ಧೈರ್ಯ ಸಾಲದೆ ಗಿರಿಜೆಗೆ ಹೇಳಿದೆ. ಅವಳು ಅತ್ತೆಗೆ ಹೇಳಿದಳು. ಅತ್ತೆ ಬೇಡ ಎನ್ನಲಿಲ್ಲ.

ಮರದ ಸೌಟಿನ ಹಿಡಿಗೆ ತಂತಿಯನ್ನು ಬಿಗಿಯಾಗಿ ಮೂರು ಸುತ್ತು ಸುತ್ತಿ, ಜಾರಿಸಿ ತೆಗೆದು, ನಿಮ್ಮ ಅಜ್ಜನ ಕಟಿಂಗ್ ಪ್ಲೇಯರಿನಿಂದ ಒಂದೊಂದೇ ಸುತ್ತು ಕತ್ತರಿಸಿದೆ. ಒಂದು ತುದಿಯನ್ನು ಮೂತಿ ಚೂಪಾಗಿದ್ದ ಇಕ್ಕಳದಲ್ಲಿ ಹಿಡಿದು ಸಾಸಿವೆ ನುಗ್ಗುವಷ್ಟು ಸಣ್ಣ ಕಣ್ಣು ಮಾಡಿದೆ. ಇನ್ನೊಂದು ತುದಿಯನ್ನು ಮೇಲಕ್ಕೆ ಬಗ್ಗಿಸಿ ಆ ಕಣ್ಣಿಗೆ ಸಿಕ್ಕಿಸುವ ಹಾಗೆ ಮಾಡಿದೆ. ಮೊದಲ ಜೊತೆಯಲ್ಲಿ ಒಂದು ದೊಡ್ಡದು, ಒಂದು ಸಣ್ಣದು ಆಯಿತು. ಎರಡನೆಯದು ಸರಿಯಾಯಿತು. ಕಿವಿಗೆ ಹೋಗುವ ತುದಿಯನ್ನು ಕತ್ತಿ ಮಸೆಯುವ ಕಲ್ಲಿನ ಮೇಲೆ ಉಜ್ಜಿ, ನನ್ನ ತುಟಿಗೆ ತಾಗಿಸಿ ನೋಡಿ, ಮತ್ತೆ ಉಜ್ಜಿದೆ. ತುಟಿಗೆ ಚುಚ್ಚದಿದ್ದರೆ ಕಿವಿಗೂ ಚುಚ್ಚುವುದಿಲ್ಲ ಎಂದು ನನ್ನ ಲೆಕ್ಕ.

ಗಿರಿಜೆ ಹಾಕಿಕೊಂಡು ಕನ್ನಡಿ ನೋಡಿದಳು.

"ಅತ್ತಿಗೆ, ಇದಕ್ಕೆ ಕರೆಂಟು ಕೊಟ್ಟರೆ ನಾನು ಬಾವಿಯಿಂದ ನೀರು ಎಳೆದೇನು, ಅಲ್ವಾ?" ಎಂದಳು.

ಬಹಳ ದಿನಗಳ ಮೇಲೆ ಆ ಮನೆಯಲ್ಲಿ ನಾವಿಬ್ಬರೂ ನಕ್ಕೆವು. ಆದರೆ ರಿಂಗು ಕಂದಾಗಿ, ಮಂಕಾಗಿ ಕಾಣುತ್ತಿತ್ತು. ಚಿನ್ನ ಎಂದು ಯಾರೂ ನಂಬುವಂತಿರಲಿಲ್ಲ. ಆಗ ನಾನು ಆ ತಪ್ಪು ಮಾಡಿದೆ. ಹಬ್ಬಕ್ಕೆ ತಾಮ್ರದ ಹಂಡೆ, ಚೆಂಬು ಬೆಳಗುವ ಕೈ ನನ್ನದು. ಬ್ಲೇಡಿನಿಂದ ಲೇಪವನ್ನೆಲ್ಲ ಕೆರೆದು, ಹುಣಸೆಹುಳಿ ಮತ್ತು ಉಪ್ಪು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ರಿಂಗು ಹೊಸ ಚಿನ್ನದ ಹಾಗೆ ಹೊಳೆಯಿತು. ನಿಮ್ಮ ಅಜ್ಜನ ಮಾತು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಹುಡುಗನ ಕಡೆಯವರು ಬರಲು ಎರಡೇ ದಿನ, ಅಷ್ಟರಲ್ಲಿ ಏನಾಗುತ್ತದೆ ಎಂದುಕೊಂಡೆ.

ಕಿವಿಗೆ ಅಭ್ಯಾಸವಾಗಲಿ ಎಂದು ಗಿರಿಜೆ ಅಂದಿನಿಂದಲೇ ಅದನ್ನು ಹಾಕಿಕೊಂಡೇ ಇದ್ದಳು. ಸೆಕೆ, ಬೆವರು, ಉಪ್ಪುಗಾಳಿ. ಮರುದಿನ ಕಿವಿ ತುರಿಸುತ್ತದೆ ಎಂದಳು. ಹುಡುಗನ ಕಡೆಯವರು ಬರುವ ದಿನ ಬೆಳಿಗ್ಗೆ ಎರಡೂ ಕಿವಿಯ ಹಾಲೆ ಕೆಂಪಾಗಿ ಊದಿತ್ತು. ತೆಗೆಯೋಣ ಎಂದೆ. ಇಂದು ಒಂದು ದಿನ ಇರಲಿ ಎಂದು ತಲೆಕೂದಲನ್ನು ಕಿವಿಯ ಮೇಲೆ ಇಳಿಸಿಕೊಂಡಳು.

ಹನ್ನೊಂದು ಗಂಟೆಗೆ ಅವರು ಬಂದರು. ಹುಡುಗ, ಅವನ ತಾಯಿ, ಮತ್ತು ಹುಡುಗನ ತಂದೆಗೆ ಅಕ್ಕನಾಗಬೇಕಾದ ಒಬ್ಬ ವಯಸ್ಸಾದ ಹೆಂಗಸು. ಅವರನ್ನು ಎಲ್ಲರೂ ದೊಡ್ಡತ್ತೆ ಎನ್ನುತ್ತಿದ್ದರು. ಬಿಳಿ ಸೀರೆ, ಖಾಲಿ ಹಣೆ. ಅವರು ಜಗಲಿಯ ತುದಿಯಲ್ಲಿ ಎಲ್ಲರಿಂದ ಸ್ವಲ್ಪ ದೂರ ಕೂತರು. ನಾನು ಅಡುಗೆಮನೆಯಲ್ಲಿದ್ದೆ. ಶುಭದ ಹೊತ್ತಿನಲ್ಲಿ ಹೊರಗೆ ಬರಬೇಡ ಎಂದು ಅತ್ತೆ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯ ಇರಲಿಲ್ಲ.

ಗಿರಿಜೆ ಸಜ್ಜಿಗೆ ಅವಲಕ್ಕಿ, ಕಾಫಿ ಕೊಂಡುಹೋದಳು. ಬಾಗಿಲ ಸಂದಿನಿಂದ ನನಗೆ ಮಾತು ಮಾತ್ರ ಕೇಳಿಸುತ್ತಿತ್ತು. ಹುಡುಗನ ತಾಯಿ ಬಾವಿಯ ನೀರು ಉಪ್ಪೋ ಸಿಹಿಯೋ ಎಂದು ವಿಚಾರಿಸಿದರು. ಆಮೇಲೆ ಕೇಳಿದರು.

"ರಿಂಗು ಚಂದ ಉಂಟು. ಎಲ್ಲಿ ಮಾಡಿಸಿದ್ದು?"

ಅತ್ತೆಯ ಧ್ವನಿ ಕೇಳಿಸಿತು. "ಉಡುಪಿಯಲ್ಲಿ."

ನಮ್ಮ ಅತ್ತೆ ಕಟುವಾಗಿ ಮಾತಾಡುವವರು, ಆದರೆ ಸುಳ್ಳು ಹೇಳುವವರಲ್ಲ. ಅವರ ಬಾಯಿಂದ ಆ ಒಂದು ಮಾತು ಹೊರಟದ್ದು ಕೇಳಿ ನಾನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ. ಅದೇ ಸೌಟಿನ ಹಿಡಿಗೆ ನಾನು ತಂತಿ ಸುತ್ತಿದ್ದೆ.

ಖಾಲಿ ಲೋಟಗಳನ್ನು ಹಿಡಿದು ಒಳಗೆ ಬಂದ ಗಿರಿಜೆಯ ಕಣ್ಣಲ್ಲಿ ನೀರಿತ್ತು. ಕೂದಲು ಸರಿಸಿ ನೋಡಿದೆ. ಬಲಗಿವಿಯಲ್ಲಿ ರಿಂಗು ಊದಿದ ಹಾಲೆಯೊಳಗೆ ಹೂತುಹೋಗಿತ್ತು. ಸುತ್ತಲೂ ಹಸಿರು ಕಿಲುಬು, ಅದರ ನಡುವೆ ಕೀವು ಮತ್ತು ರಕ್ತ. ತೆಗೆಯಲು ಕೈ ಹಾಕಿದೆ. ಅವಳು ನನ್ನ ಕೈ ಹಿಡಿದಳು.

"ಅವರು ಹೋಗುವವರೆಗೆ ಇರಲಿ ಅತ್ತಿಗೆ."

ಅಷ್ಟರಲ್ಲಿ ಎಲೆಗೆ ಹಚ್ಚಲು ಸುಣ್ಣ ಕೇಳಿಕೊಂಡು ದೊಡ್ಡತ್ತೆ ಒಳಗೆ ಬಂದರು. ನಾವಿಬ್ಬರೂ ನಿಂತಲ್ಲೇ ನಿಂತೆವು. ಅವರು ಹತ್ತಿರ ಬಂದು ಗಿರಿಜೆಯ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

"ಇದು ಎಂತ?" ಎಂದರು.

ಹೊರಗಿನವರೊಡನೆ ಎರಡು ಮಾತಾಡಲು ಬೆವರುತ್ತಿದ್ದವಳು ನಾನು. ಅಂದು ಎಲ್ಲಿಂದ ಬಂತೋ ತಿಳಿಯದು, ಎಲ್ಲವನ್ನೂ ಹೇಳಿಬಿಟ್ಟೆ. ತಂತಿ ನನ್ನ ಗಂಡನದ್ದು, ರಿಂಗು ಮಾಡಿದ್ದು ನಾನು, ಲೇಪ ಕೆರೆದದ್ದು ನಾನು. ಅವಳ ಓಲೆ ಅವಳ ಅಣ್ಣನ ಮದ್ದಿಗೆ ಹೋಯಿತು. ತಪ್ಪು ಅತ್ತೆಯದೂ ಅಲ್ಲ, ಹುಡುಗಿಯದೂ ಅಲ್ಲ. ಹೇಳಿ ಮುಗಿಸಿದಾಗ, ಈ ಸಂಬಂಧವನ್ನೂ ನಾನೇ ಕೆಡಿಸಿದೆ ಎಂದು ಹೊಳೆಯಿತು.

ದೊಡ್ಡತ್ತೆ ಬಿಸಿನೀರು, ತೆಂಗಿನೆಣ್ಣೆ, ಅರಸಿನ ಕೊಡು ಎಂದರು. ಗಿರಿಜೆಯನ್ನು ಮಣೆಯ ಮೇಲೆ ಕೂರಿಸಿ, ನೀರು ಹಾಕಿ ಹಾಕಿ ಮೆದುವಾಗಿಸಿ, ಎರಡೂ ರಿಂಗುಗಳನ್ನು ಮೆಲ್ಲಗೆ ಬಿಡಿಸಿದರು. ತೊಳೆದು ಅರಸಿನ ಎಣ್ಣೆ ಹಚ್ಚಿದರು. ಬಾಗಿಲ ಹಿಂದೆ, ಇನ್ನೂ ನೆಲಕ್ಕೆ ತಾಗಿಸದ ಹೊಸ ಹಿಡಿಸೂಡಿ ಇತ್ತು. ಅದರಿಂದ ಒಂದು ಕಡ್ಡಿ ಎಳೆದು, ಕುದಿನೀರಿನಲ್ಲಿ ಅದ್ದಿ, ನಾಲ್ಕು ತುಂಡು ಮಾಡಿದರು. ಎರಡನ್ನು ಗಿರಿಜೆಯ ಕಿವಿಗೆ ಇಟ್ಟರು.

ಉಳಿದ ಎರಡು ತುಂಡು ಹಿಡಿದು ನನ್ನ ಕಡೆ ತಿರುಗಿದರು. "ಬಾ ಇಲ್ಲಿ," ಎಂದರು.

ನನಗೆ ಅರ್ಥವಾಗಲಿಲ್ಲ. ನನಗೆ ಯಾಕೆ ಎಂದು ಕೇಳಿದೆನೋ ಏನೋ. ಅವರು ನನ್ನ ಬಲಗಿವಿ ಹಿಡಿದು ತೂತು ಹುಡುಕಿ, ಎಣ್ಣೆ ಹಚ್ಚಿದ ಕಡ್ಡಿಯನ್ನು ಒತ್ತಿದರು. ನೋವಾಯಿತು. ಒಂದೂವರೆ ವರ್ಷದಲ್ಲಿ ಮಗುವಿನ ಹೊರತು ಯಾರೂ ನನ್ನನ್ನು ಅಷ್ಟು ಹತ್ತಿರದಿಂದ ಮುಟ್ಟಿರಲಿಲ್ಲ. ಕಡ್ಡಿ ಒಳಗೆ ಹೋಯಿತು. ಎಡಗಿವಿಯ ತೂತು ಪೂರ್ತಿ ಮುಚ್ಚಿತ್ತು. ಬೆರಳಿನಿಂದ ಒತ್ತಿ ನೋಡಿ ಬಿಟ್ಟರು. ನಾಲ್ಕನೆಯ ತುಂಡನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಗಂಡ ಹೋದ. ಕಿವಿ ನಿನ್ನದೇ ಅಲ್ವಾ ಮಗಾ?" ಎಂದರು. "ನನಗೆ ಇದನ್ನು ಹೇಳುವವರು ಇರಲಿಲ್ಲ."

ಆಗ ಅವರ ಕಿವಿ ನೋಡಿದೆ. ಎರಡರಲ್ಲೂ ತೂತಿನ ಗುರುತು ಮಾತ್ರ ಇತ್ತು.

ಆಮೇಲೆ ಅವರು ಗಿರಿಜೆಯ ಕೈ ಹಿಡಿದು ಜಗಲಿಗೆ ಕರೆದುಕೊಂಡು ಹೋದರು. ಕೂದಲನ್ನು ತಾವೇ ಕಿವಿಯ ಹಿಂದೆ ಸರಿಸಿದ್ದರು. ತಂತಿಯದ್ದು ಹಾಕಿ ಕಿವಿ ಹುಣ್ಣಾಗಿತ್ತು, ನಾನು ತೆಗೆದೆ, ಈಗ ಹುಡುಗಿಯನ್ನು ನೋಡಿ ಎಂದಷ್ಟೇ ಹೇಳಿದರು. ಹುಡುಗನ ತಾಯಿ ಎದ್ದು ಸೆರಗು ಸರಿಮಾಡಿಕೊಂಡರು. ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು.

ಅತ್ತೆ ನನಗೆ ಬೈಯಲಿಲ್ಲ. ಮೂರು ದಿನ ಮಾತನ್ನೂ ಆಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಗಿರಿಜೆ ಮಾತ್ರ ಮೊದಲಿನ ಹಾಗೆಯೇ ಇದ್ದಳು. ಬೆಳಿಗ್ಗೆ ಕಡ್ಡಿ ಮುರಿಯುವಾಗ ಈಗ ಮೂರು ತುಂಡು ಮುರಿದು, ಒಂದನ್ನು ನನ್ನ ಮುಂದೆ ಇಟ್ಟು ಹೋಗುತ್ತಿದ್ದಳು. ಅತ್ತೆ ಅದನ್ನು ನೋಡಿದರು. ಬೇಡ ಎನ್ನಲಿಲ್ಲ.

ಹದಿನೈದು ದಿನ ಕಳೆದ ಮೇಲೆ ದೊಡ್ಡತ್ತೆಯೂ ಹುಡುಗನ ತಂದೆಯೂ ಬಂದರು. ಹುಡುಗ ಒಪ್ಪಿದ್ದಾನೆ, ದಿನ ನೋಡಿ ಎಂದರು. ತಾಯಿ ಬಂದಿರಲಿಲ್ಲ. ಮದುವೆಗೆ ದೊಡ್ಡತ್ತೆ ತಮ್ಮ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದ ಓಲೆಗಳನ್ನು ತಂದು ಗಿರಿಜೆಗೆ ಇಟ್ಟರು. ಎಲ್ಲ ಸುಖವಾಯಿತು ಎಂದು ಬರೆದರೆ ನಿಮ್ಮ ಗಿರಿಜಜ್ಜಿ ನಗುತ್ತಾಳೆ. ಅವಳ ಅತ್ತೆ ಬಹಳ ವರ್ಷ ಅವಳನ್ನು ಹೆಸರು ಹಿಡಿದು ಕರೆಯದೆ "ತಂತಿ" ಎಂದೇ ಕರೆದರಂತೆ. ಶೇಖರ ಒಳ್ಳೆಯವನು. ಅಷ್ಟು ಸಾಕಾಯಿತು.

ದೊಡ್ಡತ್ತೆಯನ್ನು ಆಮೇಲೆ ನಾನು ಎರಡೇ ಸಲ ಕಂಡೆ. ಎರಡು ಸಲವೂ ಅವರು ಮೊದಲು ನನ್ನ ಕಿವಿ ನೋಡಿದರು, ಆಮೇಲೆ ಮುಖ.

ನನ್ನ ಕಿವಿ ಮಾಗಿದ ಮೇಲೆ ಅದೇ ಡಬ್ಬಿಯ ತಂತಿಯಿಂದ ನನಗೊಂದು ರಿಂಗು ಮಾಡಿಕೊಂಡೆ. ಈ ಸಲ ಲೇಪ ಕೆರೆಯಲಿಲ್ಲ, ಹುಳಿ ಮುಟ್ಟಿಸಲಿಲ್ಲ. ಕಂದಾಗಿಯೇ ಇದ್ದರೆ ಏನು? ತುದಿಗಳನ್ನು ಮಾತ್ರ ಜೋಪಾನವಾಗಿ ಮಸೆದು, ನಿಮ್ಮ ಅಜ್ಜ ಬೆಸುಗೆಯ ಮೇಲೆ ಹಚ್ಚುತ್ತಿದ್ದ ವಾರ್ನಿಷ್ ಹಚ್ಚಿ ಒಣಗಿಸಿದೆ. ಲೇಪ ಸವೆದು ಹಸಿರು ಕಂಡ ಕೂಡಲೇ ತೆಗೆದು ಹೊಸತು ಮಾಡುತ್ತೇನೆ. ನಿಮ್ಮ ಅಮ್ಮ ಚಿನ್ನದ್ದು ತಂದುಕೊಟ್ಟಿದ್ದಾಳೆ, ಎಡಗಿವಿಯನ್ನೂ ಚುಚ್ಚಿಸಿಕೊಳ್ಳಿ ಎಂದು ಎಷ್ಟೋ ಸಲ ಹೇಳಿದ್ದಾಳೆ. ನನಗೆ ಮನಸ್ಸಾಗಲಿಲ್ಲ. ಎಡಗಿವಿ ನಿಮ್ಮ ಅಜ್ಜ ಹೋದಾಗ ಬರಿದಾಗಿತ್ತು, ಹಾಗೆಯೇ ಇರಲಿ. ಬಲಗಿವಿ ನನ್ನದು.

ಡಬ್ಬಿಯಲ್ಲಿ ಇನ್ನೂ ಒಂದು ಗೇಣು ತಂತಿ ಉಳಿದಿದೆ. ನನಗೆ ಅಷ್ಟು ಸಾಕು.