ಮೂರನೆಯ ಪ್ರಶ್ನೆ

ಪುತ್ತೂರಿಗೆ ಬಂದ ಮೊದಲ ವಾರ ಬದನೆಕಾಯಿಗೆ ಚೌಕಾಸಿ ಮಾಡಿದೆ. ಅಂಗಡಿಯವರು ತೂಗಿದ್ದನ್ನು ಬುಟ್ಟಿಗೆ ವಾಪಸು ಸುರಿದು, "ಬೇಡದಿದ್ರೆ ಬಿಡಿ ಅಕ್ಕ" ಎಂದರು. ಗದಗಿನ ಅಭ್ಯಾಸದಂತೆ ಹತ್ತು ಹೆಜ್ಜೆ ನಡೆದು ನಿಂತೆ. ಯಾರೂ ಕರೆಯಲಿಲ್ಲ. ಅವ್ವನ ತರಕಾರಿ ಬುಟ್ಟಿಯ ಪಕ್ಕ ಕೂತು ಓದಿ ನರ್ಸಿಂಗ್ ಶಿಕ್ಷಕಿಯಾದವಳು ನಾನು. ಯಾರದೇ ಮೊದಲ ಮಾತನ್ನು ನಂಬದಿರುವುದೇ ನನ್ನ ಬಂಡವಾಳ. ಇಲ್ಲಿ ಅದು ಚಲಾವಣೆಯಾಗಲಿಲ್ಲ.

ತರಗತಿಯಲ್ಲೂ ಅದೇ. ನಮ್ಮ ಕಡೆಯ ಹುಡುಗಿಯರು "ಯಾಕ್ರೀ?" ಎಂದು ಜಗಳಕ್ಕೇ ಬರುತ್ತಾರೆ. ಇಲ್ಲಿಯವರು ತಲೆತಗ್ಗಿಸಿ ಬರೆದುಕೊಳ್ಳುತ್ತಾರೆ. ಒಮ್ಮೆ ಬೇಕೆಂದೇ ತಪ್ಪು ಹೇಳಿದೆ. ಅದರಡಿ ಕೆಂಪು ಗೆರೆ ಎಳೆದುಕೊಂಡರು. ನಿಜಕ್ಕೂ ಹೆದರಿದೆ. ವಾರ್ಡಿನಲ್ಲಿ ಇದಕ್ಕೆ ಬೆಲೆ ತೆರುವವರು ರೋಗಿಗಳು.

ಕೊನೆಗೆ ವ್ಯಾಪಾರಕ್ಕಿಳಿದೆ. "ರೋಗಿಗೆ ನಿಮ್ಮದೇ ಮೂರು ಪ್ರಶ್ನೆ ಕೇಳಿ. ಕೇಸ್ ಸ್ಟಡಿ ಎರಡನೇ ಸಲ ಬರೆಯೋದು ಮಾಫಿ."

"ಎರಡು ಸಾಕಾ ಮೇಡಂ?" ಎಂದಳು ನೆಲ್ಯಾಡಿಯ ಜಿನ್ಸಿ.

ಅಬ್ಬಾ, ಒಬ್ಬಳಾದರೂ ಸಿಕ್ಕಳು! "ಮೂರು" ಎಂದೆ.

ಮಳೆಗಾಲದ ಒಂದು ಬೆಳಿಗ್ಗೆ ಕಡಬದ ಕಡೆಯ ಲೀಲಾ ಎಂಬ ಹೆಂಗಸು ಹೊಟ್ಟೆನೋವೆಂದು ದಾಖಲಾಗಿದ್ದರು. ಚೀಟಿಯಲ್ಲಿ ಗ್ಯಾಸ್ಟ್ರಿಕ್ ಎಂದಿತ್ತು. ನೋವು ಯಾವಾಗಿನಿಂದ, ಎಂತ ತಿಂದದ್ದು ಎಂದು ಜಿನ್ಸಿ ಕೇಳಿ ಮುಗಿಸಿದಳು. ಲೀಲಾರ ರೆಪ್ಪೆಗಳು ಜೋತುಬೀಳುತ್ತಿದ್ದವು. ಅದೇಕೆಂದು ಜಿನ್ಸಿಯನ್ನು ಕೇಳಿದೆ.

"ಅವರು ರಬ್ಬರ್ ಟ್ಯಾಪಿಂಗಿಗೆ ಹೋಗುದು ಮೇಡಂ. ಬೆಳಕಾಗುವ ಮೊದಲೇ ಏಳುದು. ನನ್ನ ಅಪ್ಪನದ್ದೂ ಹಾಗೆಯೇ, ಇಡೀ ದಿನ ತೂಕಡಿಸುದು."

ಮರಕ್ಕೆ ಗೀರು ಹಾಕಿ ಹಾಲಿಳಿಸುವ ಕೆಲಸ ಎರೆಭೂಮಿಯ ನನಗೇನು ಗೊತ್ತು? ಒಪ್ಪಿಬಿಟ್ಟೆ. "ಸಾಕು, ಬಾ."

"ಇನ್ನೊಂದು ಬಾಕಿ ಉಂಟಲ್ಲ? ಮತ್ತೆ ನೀವೇ ಬರೆಸ್ತೀರಿ." ಜಿನ್ಸಿ ತಿರುಗಿದಳು. "ಲೀಲಕ್ಕ, ಇವತ್ತು ಎಷ್ಟು ಮರ ಆಯ್ತು?"

"ಎಲ್ಲಿಯ ಮರ ಮಗಾ?" ಲೀಲಾರ ಸ್ವರ ಮೂಗಿನಿಂದ ಬರುತ್ತಿತ್ತು. "ಮಳೆ ಅಲ್ವಾ? ಎರಡು ದಿನದಿಂದ ಹೋಗ್ಲೇ ಇಲ್ಲ. ನೆಲದಲ್ಲಿ ಚಾಪೆ ಹಾಕಿ ಚೆಂದ ಮಲಗಿದ್ದು."

ಹಾಗಾದರೆ ಅದು ನಿದ್ದೆಗೆಟ್ಟ ರೆಪ್ಪೆಯಲ್ಲ. ಜಿನ್ಸಿ ಹತ್ತಿರ ಬಾಗಿದಳು. "ಮೇಲೆ ನೋಡಿ ಅಕ್ಕ." ರೆಪ್ಪೆ ಏಳಲಿಲ್ಲ.

ಡಾಕ್ಟರನ್ನು ಕರೆತಂದೆವು. ನೆಲದಲ್ಲಿ ಮಲಗಿದ್ದಾಗ ಕಟ್ಟುಹಾವು ಕಚ್ಚಿತ್ತು. ಅದು ಕಚ್ಚಿದರೆ ಉರಿಯಿಲ್ಲ, ಗುರುತೂ ಕಾಣದು; ಮೊದಲು ಹೊಟ್ಟೆ, ಆಮೇಲೆ ರೆಪ್ಪೆ, ಕೊನೆಗೆ ಉಸಿರು. ವಿಷಕ್ಕೆ ಇಂಜೆಕ್ಷನ್ ಕೊಟ್ಟು, ಗಂಟಲಿಗೆ ಕೊಳವೆ ಹಾಕಿ ಮಂಗಳೂರಿಗೆ ಕಳಿಸಿದರು. ಲೀಲಾ ಬದುಕಿದರು. ನನ್ನ "ಸಾಕು, ಬಾ" ಇನ್ನೂ ನನ್ನ ಕಿವಿಯಲ್ಲಿದೆ.

ಪರವೂರಿಗೆ ಹೋಗುವವರಿಗೆ ನನ್ನ ಬಿಟ್ಟಿ ಸಲಹೆ: ಅಲ್ಲಿಯ ಭಾಷೆ ಕಲಿಯಿರಿ, ಕುಚ್ಚಲಕ್ಕಿಯನ್ನೂ ರೂಢಿಸಿಕೊಳ್ಳಿ, ಆದರೆ ಊರು ಪೂರಾ ಗೊತ್ತಾಯಿತೆಂದುಕೊಳ್ಳಲು ಮಾತ್ರ ಅವಸರಪಡಬೇಡಿ. ನಾನೀಗ ಅದನ್ನೇ ಮಾಡುತ್ತಿದ್ದೇನೆ. ಗದಗಿಗೆ ಹೋದರೆ ಅವ್ವ, "ಏನ ಬೇ, ಹೊರಗಿನಾಕಿ ಹಂಗ ಎಲ್ಲಾದಕ್ಕೂ ಯಾಕ ಅಂತೀ?" ಎನ್ನುತ್ತಾಳೆ. ಇಲ್ಲಿ ನಾನು ಕೇಳುವುದು ಕಡಿಮೆಯಾಗಿದೆ.

ನಿನ್ನೆ ಹೊಸ ವಿದ್ಯಾರ್ಥಿನಿಯೊಬ್ಬಳು, "ಆ ಅಜ್ಜನ ಒಂದೇ ಕಾಲು ಬಾತಿದೆಯಲ್ಲ ಮೇಡಂ?" ಎಂದಳು. "ತೋಟದ ಕೆಲಸದವರದ್ದು ಹಾಗೆಯೇ ಮಾರಾಯ್ತಿ" ಎಂದು ನಡೆದೆ. ಹಾಗೆ ಹೇಳಿದವಳು ನನ್ನೊಳಗಿನ ಪುತ್ತೂರಿನವಳು. ಮೆಟ್ಟಿಲ ತುದಿಯಿಂದ ತಿರುಗಿ ಓಡಿದವಳು ಗದಗಿನವಳು. ಕೆಲಸದ ಬಾವಾದರೆ ಎರಡೂ ಕಾಲಿಗೆ ಬರಬೇಕು; ಒಂದೇ ಕಾಲಿಗಾದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಹಾಸಿಗೆ ಖಾಲಿಯಿತ್ತು, ಅಜ್ಜನನ್ನು ಮನೆಗೆ ಕಳಿಸಿಯಾಗಿತ್ತು. ಅವರು ಕೊಟ್ಟ ನಂಬರಿಗೆ ನಿನ್ನೆಯಿಂದ ಕರೆ ಮಾಡುತ್ತಿದ್ದೇನೆ. ಅಜ್ಜನ ಊರು ಕೊಲ್ಲಮೊಗ್ರು; ಆ ಕಡೆ ಸಿಗ್ನಲ್ ಇರುವುದಿಲ್ಲವೆಂದು ಇಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಒಪ್ಪಿಕೊಂಡು ಫೋನ್ ಕೆಳಗಿಡಲು ನನ್ನಿಂದಾಗುತ್ತಿಲ್ಲ.