ಅಳಿಸೋ ಮುಂಚೆ ಕೇಳ್ಬೇಕು

ಅಕ್ಕೋರಿಗೆ ಬಲಗಿವಿ ಕೇಳುತ್ತಿರಲಿಲ್ಲ. ಹಾಗಾಗಿ ಏನನ್ನು ಕೇಳುವಾಗಲೂ ಕತ್ತು ಓರೆ ಮಾಡಿ, ಜುಮುಕಿ ಸದ್ದಾಗದಂತೆ ಎರಡು ಬೆರಳಲ್ಲಿ ಹಿಡಿದು, ಎಡಗಿವಿಯನ್ನು ಮುಂದೆ ತರುತ್ತಿದ್ದರು. ಶಿಕಾರಿಪುರದ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಮೊದಲ ಸಲ ಬಂದಾಗಲೂ ಅಷ್ಟೇ. ತಂದಿದ್ದ ಹಾರ್ಡ್ ಡಿಸ್ಕಿನ ಪೆಟ್ಟಿಗೆಗೆ ಕಿವಿಯಿಟ್ಟು, "ಇದರ ಉಸಿರು ಯಾಕೋ ಸರಿ ಇಲ್ಲ ಮಾರಾಯ" ಎಂದಿದ್ದರು.

ಸೊರಬದ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಎಲ್ಲರ ಬಾಯಲ್ಲೂ ಅಕ್ಕೋರು. ಹಳ್ಳಿ ಹಳ್ಳಿ ತಿರುಗಿ ಅಜ್ಜಿಯರ ಬೀಸುವ ಪದ, ತೊಟ್ಟಿಲ ಪದಗಳನ್ನು ರೆಕಾರ್ಡ್ ಮಾಡುವುದು ಅವರ ಹುಚ್ಚು. ಪೆಟ್ಟಿಗೆಯಲ್ಲಿದ್ದದ್ದು ಎರಡು ಡಿಸ್ಕು. ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ. ಎರಡೂ ತುಂಬಿಹೋಗಿದ್ದವು. ಇನ್ನೆರಡು ಸೇರಿಸಿ, ನಾಲ್ಕೂ ಒಟ್ಟಾಗಿ ನಡೆಯುವಂತೆ ಹೊಸದಾಗಿ ಜೋಡಿಸಬೇಕಿತ್ತು. ಅದಕ್ಕೆ ಹಳೆಯ ಎರಡನ್ನೂ ಪೂರ್ತಿ ಅಳಿಸಲೇಬೇಕು.

ನಾನೋ ಮಹಾ ಆತುರಗಾರ. ಹಾಡುಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡುತ್ತಿರುವಾಗ ಕರೆಂಟು ಹೋಯಿತು. ಬಂದ ಮೇಲೆ, ಅಷ್ಟರಲ್ಲಿ ಆಗಿದ್ದನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸಿದೆ. ಎಣಿಸಿದರೆ ಎರಡೂ ಕಡೆ ಸಂಖ್ಯೆ ಸಮ.

"ಆತ್ರೀ ಅಕ್ಕೋರೇ, ಇನ್ನು ಅಳಿಸ್ಲಾ?"

"ಕೇಳಿದ್ಯಾ?"

"ಎಣಿಸೀನ್ರಿ. ಎಲ್ಲಾ ಅದಾವೆ."

"ಎಣಿಸಿದ್ದಲ್ಲ, ಕೇಳಿದ್ಯಾ ಅಂದೆ. ಅಳಿಸೋ ಮುಂಚೆ ಕೇಳ್ಬೇಕು. ಅಳಿಸಿದ್ಮೇಲೆ ಕೇಳೋಕೆ ಏನಿರ್ತದೆ?"

ಅಯ್ಯೋ ಶಿವನೇ, ಇದೊಳ್ಳೆ ಪೀಕಲಾಟ ಎಂದು ಒಳಗೊಳಗೇ ಗೊಣಗಿಕೊಂಡೆ. ಅಕ್ಕೋರು ಮೂರು ದಿನ ಬೆಳಗಿನ ಬಸ್ಸಿಗೇ ಬಂದು, ಸ್ಟೂಲಿನ ಮೇಲೆ ಕೂತು, ನಕಲಿನ ಒಂದೊಂದು ಹಾಡನ್ನೂ ಕೇಳಿದರು. ಪ್ರತಿ ಹಾಡಿನ ಮೊದಲಿಗೆ ಅವರದೇ ದನಿ: "ಹೂಂ, ಹೇಳಿ ಅಜ್ಜಿ. ನಂಗೇನೂ ಅವಸರ ಇಲ್ಲ." ಅದು ಬಂದಾಗೆಲ್ಲ ಮುಜುಗರಪಟ್ಟುಕೊಂಡು, "ನನ್ನ ಮಾತು ಯಾರಿಗೆ ಬೇಕು, ದಾಟ್ಸು. ಆಮೇಲೆ ಅದನ್ನೆಲ್ಲ ಕತ್ತರಿಸಿಬಿಡು" ಎನ್ನುತ್ತಿದ್ದರು. ನಾನು ಹೂಂಗುಟ್ಟಿ ದಾಟಿಸುತ್ತಿದ್ದೆ.

ಎರಡನೆಯ ದಿನ ಉಡುತಡಿಯ ಅಜ್ಜಿಯೊಬ್ಬರ ತೊಟ್ಟಿಲ ಪದ ಎರಡನೇ ಸಾಲಿಗೇ ತಟ್ಟನೆ ನಿಂತಿತು. ಕರೆಂಟು ಹೋದಾಗ ಅರ್ಧಕ್ಕೇ ಉಳಿದದ್ದು ಅದೇ. ಫೈಲಿನ ಹೆಸರಿದ್ದದ್ದರಿಂದ ಎಣಿಕೆಗೆ ಸಿಕ್ಕಿತ್ತು, ಅಷ್ಟೇ. ಆ ಅಜ್ಜಿ ತೀರಿಕೊಂಡು ವರ್ಷವಾಗಿತ್ತು, ಮತ್ತೆ ಹಾಡಿಸುವಂತಿರಲಿಲ್ಲ. ಅಕ್ಕೋರು ಒಂದು ಮಾತೂ ಬೈಯಲಿಲ್ಲ.

"ಹಳೇದ್ರಲ್ಲಿ ಇದ್ಯಾ ನೋಡು" ಎಂದರು.

ಇತ್ತು. ಜುಮುಕಿ ಹಿಡಿದುಕೊಂಡು ಕೊನೆಯ ಸಾಲಿನವರೆಗೂ ಕೇಳಿ ಕಣ್ಣೊರೆಸಿಕೊಂಡರು. ನನಗಂತೂ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅದನ್ನು ಮತ್ತೆ ನಕಲು ಮಾಡಿ, ಮೂರನೆಯ ದಿನ ಉಳಿದದ್ದೆಲ್ಲ ಕೇಳಿ ಮುಗಿಸಿದ ಮೇಲೆಯೇ ಹಳೆಯದನ್ನು ಅಳಿಸಿದೆ. ಅಂದಿನಿಂದ ಯಾರ ಡಿಸ್ಕು ಬಂದರೂ ತೆರೆದು ನೋಡದೆ ಅಳಿಸಿದವನಲ್ಲ.

ಅಕ್ಕೋರು ಹೋಗಿ ಈಗ ಐದು ತಿಂಗಳು. ಪೆಟ್ಟಿಗೆಯನ್ನು ನನಗೇ ಕೊಡಬೇಕೆಂದು ತಂಗಿಗೆ ಹೇಳಿದ್ದರಂತೆ. ಅದೂ ತುಂಬಿದೆ, ಮತ್ತೆ ಬದಲಾಯಿಸಬೇಕು. ನಕಲು ಮಾಡಿ, ಅವರು ಕೂರುತ್ತಿದ್ದ ಸ್ಟೂಲನ್ನೇ ಎಳೆದುಕೊಂಡು ಕೇಳಲು ಕೂತಿದ್ದೇನೆ. ಅವರ ಮಾತನ್ನು ಕತ್ತರಿಸುವ ಕೆಲಸವನ್ನು ನಾಳೆ, ನಾಡಿದ್ದು ಎಂದು ಇಷ್ಟು ವರ್ಷ ತಳ್ಳುತ್ತಲೇ ಬಂದಿದ್ದೆ. ನನ್ನ ಸೋಮಾರಿತನಕ್ಕೆ ಜೀವನದಲ್ಲಿ ಮೊದಲ ಸಲ ಕೈಮುಗಿದೆ.

"ಹೂಂ, ಹೇಳಿ ಅಜ್ಜಿ. ನಂಗೇನೂ ಅವಸರ ಇಲ್ಲ."

ಈಗ ದಾಟಿಸುತ್ತಿಲ್ಲ. ನನಗೂ ಅವಸರವಿಲ್ಲ, ಅಕ್ಕೋರೇ.