ಉತ್ತರಕ್ಕೆ ತಲೆ

ಐವತ್ತು ದಾಟಿದ ವರ್ಷ ಒಂದು ಬೆಳಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದೆ. ನಮ್ಮ ರಾಮಮೂರ್ತಿ ನಗರದ ಮನೆಯ ಫ್ಯಾನು, ಗೋಡೆ, ಕ್ಯಾಲೆಂಡರು ಎಲ್ಲ ಗಿರ್ರನೆ ತಿರುಗಿದವು. ಮಿದುಳಿನಲ್ಲಿ ಗೆಡ್ಡೆ ಎಂದು ನಾನೇ ತೀರ್ಮಾನಿಸಿದೆ. ಪರೀಕ್ಷಿಸಿದ ವೈದ್ಯರು, ಗೆಡ್ಡೆಯೂ ಇಲ್ಲ ಗಿಡ್ಡೆಯೂ ಇಲ್ಲ, ಕಿವಿಯೊಳಗಿನ ಸಣ್ಣ ಹರಳುಗಳು ಜಾಗ ತಪ್ಪಿವೆ, ಫಿಸಿಯೋಥೆರಪಿಯಲ್ಲಿ ಸರಿಹೋಗುತ್ತದೆ ಎಂದರು. ಇಷ್ಟು ದೊಡ್ಡ ಹೆದರಿಕೆಗೆ ಇಷ್ಟು ಚಿಕ್ಕ ಕಾರಣವೇ ಎಂದು ಸ್ವಲ್ಪ ನಿರಾಸೆಯೇ ಆಯಿತು. ಆದರೂ ಮಲಗುವ ಧೈರ್ಯ ಬರಲಿಲ್ಲ. ಎಂಟು ದಿನ ಕುರ್ಚಿಯಲ್ಲಿ ಕೂತೇ ನಿದ್ದೆ. ಮತ್ತೆ ಕಾಲು ಚಾಚಿ ಮಲಗಿದರೆ ಸಾಕಿತ್ತು, ಬೇರೇನೂ ಬೇಡ.

ಒಂಬತ್ತನೆಯ ಸಂಜೆ ಹೆಂಡತಿ ಆಟೋದಲ್ಲಿ ಕೆ.ಆರ್. ಪುರದ ಕ್ಲಿನಿಕ್ಕಿಗೆ ಕರೆದೊಯ್ದಳು. ಕಣ್ಣು ಮುಚ್ಚಿ, ಅವಳ ಹೆಗಲು ಹಿಡಿದೇ ಒಳಗೆ ಹೋದೆ. ಚಿಕಿತ್ಸೆ ಕೊಡುವಾಕೆ ಶಿವಾಜಿನಗರದಿಂದ ಬರುತ್ತಿದ್ದ ಹುಡುಗಿ, ನನ್ನ ಮಗಳ ವಯಸ್ಸು. ಮಂಚದ ಒಂದು ತುದಿ ಗೋಡೆಗೆ ತಾಗಿತ್ತು. ತಲೆ ಇನ್ನೊಂದು ತುದಿಯಾಚೆ ಇಳಿಬೀಳುವಂತೆ ಮಲಗಬೇಕಂತೆ.

"ಅದು ಉತ್ತರ ಅಲ್ವಾಮ್ಮ? ಉತ್ತರಕ್ಕೆ ತಲೆ ಹಾಕಿ ಮಲಗ್ಬಾರ್ದು."

"ಐದೇ ನಿಮಿಷ ಸಾರ್, ನಿದ್ದೆ ಮಾಡಕ್ಕಲ್ಲ."

"ಯಮನಿಗೆ ಐದು ನಿಮಿಷ ಜಾಸ್ತೀನೇ ಆಯ್ತು."

ಹೆಂಡತಿ ಹಣೆ ಚಚ್ಚಿಕೊಂಡಳು. "ಇವ್ರಮ್ಮ ಹೇಳ್ಕೊಟ್ಟಿದ್ರಲ್ಲಿ ಇದೊಂದೇ ಇವ್ರಿಗೆ ನೆನಪಿರೋದು. ಬಾಮ್ಮ, ತಿರುಗ್ಸಿ ಹಾಕೋಣ."

ಇಬ್ಬರೂ ಸೇರಿ ಮಂಚವನ್ನು ಎದುರು ಗೋಡೆಗೆ ಎಳೆದರು. ನಾನು ಬಾಗಿಲು ಹಿಡಿದು ನಿಂತು "ನಿಧಾನ, ನಿಧಾನ" ಎಂದು ನೆರವಾದೆ.

ಹುಡುಗಿ ನನ್ನನ್ನು ಕೂರಿಸಿ, ಮುಖ ಬಲಕ್ಕೆ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸಿದಳು. ಕೋಣೆ ಮಗುಚಿತು.

"ಕಣ್ಣು ಮುಚ್ಬೇಡಿ ಸಾರ್, ನನ್ನ ಮೂಗು ನೋಡಿ."

ಯಾವ ಮೂಗು ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ತಿರುಗುವುದು ನಿಂತ ಮೇಲೆ ತಲೆಯನ್ನು ಎಡಕ್ಕೆ, ಆಮೇಲೆ ಇಡೀ ಮೈಯನ್ನು ಎಡಮಗ್ಗುಲಿಗೆ ಹೊರಳಿಸಿ, ಎಬ್ಬಿಸಿ ಕೂರಿಸಿದಳು. ಎರಡನೆಯ ಸಲ ಕೋಣೆ ಅಲ್ಲಾಡಲಿಲ್ಲ. ಅನುಮಾನಕ್ಕೆ ಮೂರನೆಯ ಸಲವೂ ಮಾಡಿಸಿಕೊಂಡೆ.

ಹೊರಗೆ ಬಂದರೆ ಸೂರ್ಯ ಬಾಗಿಲ ಎದುರಿಗೇ ಇಳಿಯುತ್ತಿದ್ದ. ಪೂರ್ವವೆಂದು ನಾನು ಲೆಕ್ಕ ಹಾಕಿದ್ದ ಬಾಗಿಲು ಪಶ್ಚಿಮಕ್ಕಿತ್ತು. ಅಂದರೆ ಮಂಚ ಮೊದಲು ಸರಿಯಾಗಿಯೇ ಇತ್ತು. ಹಟ ಹಿಡಿದು ಉತ್ತರಕ್ಕೆ ತಲೆ ಹಾಕಿಸಿಕೊಂಡವನು ನಾನೇ.

"ಯಾಕ್ರೀ ನಿಂತ್ರಿ? ಮತ್ತೆ ಸುತ್ತುತ್ತಾ?"

"ಇಲ್ಲ ಕಣೇ. ಈಗ ಎಲ್ಲಾ ಸರಿಯಾಗಿ ಕಾಣ್ತಾ ಇದೆ."

ಅವತ್ತು ಉದ್ದಕ್ಕೆ ಮಲಗಿ ಗೊರಕೆ ಹೊಡೆದೆನಂತೆ. ಮರುವಾರ ತೋರಿಸಲು ಹೋದಾಗ ಮಂಚ ಎದುರು ಗೋಡೆಯಲ್ಲೇ ಇತ್ತು.

"ನಿಮ್ಗೋಸ್ಕರ ಹಂಗೇ ಬಿಟ್ಟಿದೀನಿ ಸಾರ್."

"ಒಳ್ಳೇದಾಯ್ತಮ್ಮ" ಎಂದು ತೆಪ್ಪಗೆ ಮಲಗಿದೆ.